ಚೀಲದ ಮಾತ್ರೆಗಳನ್ನು ಒಟ್ಟಿಗೆ ನೋಡುವವರು ಯಾರು?

ಊರಿನ ಮನೆಗೆ ಬೀಗ ಹಾಕಿ ವಯಸ್ಸಾದ ತಾಯಿತಂದೆಯರನ್ನು ಮುಂಬಯಿಗೆ ಕರೆತಂದ ಸಂಸಾರಗಳು ನಮ್ಮಲ್ಲಿ ಬಹಳ. ಅವರೊಡನೆ ಒಂದು ಚೀಲ ಮಾತ್ರೆಯೂ ಬರುತ್ತದೆ. ಮಂಗಳೂರಿನಲ್ಲೋ ಧಾರವಾಡದಲ್ಲೋ ಡಾಕ್ಟರರು ಬರೆದುಕೊಟ್ಟದ್ದು. ಇಲ್ಲಿಗೆ ಬಂದ ಮೇಲೆ ಹೃದಯಕ್ಕೆ ಒಬ್ಬರು, ಮಂಡಿನೋವಿಗೆ ಒಬ್ಬರು, ನಿದ್ದೆಗೆ ಮತ್ತೊಬ್ಬರು. ಗಂಡಹೆಂಡಿರಿಬ್ಬರೂ ಬೆಳಿಗ್ಗೆ ಲೋಕಲ್ ಹಿಡಿದು ದುಡಿಯಹೋಗುವವರಾದರೆ, ಕೊನೆಗೆ ಥಾಣೆಯಲ್ಲೋ ವಸಯಿಯಲ್ಲೋ ಒಂದು ನರ್ಸಿಂಗ್ ಹೋಮಿಗೆ ಹಿರಿಯರನ್ನು ಸೇರಿಸುವುದುಂಟು. ಇದರಲ್ಲಿ ನಾಚುವಂಥದೇನೂ ಇಲ್ಲ. ಆದರೆ ಚೀಲವೂ ಜೊತೆಗೆ ಹೋಗುತ್ತದಷ್ಟೆ; ಅದರಲ್ಲಿರುವುದನ್ನೆಲ್ಲ ಒಟ್ಟಿಗೆ ಹರಡಿ ನೋಡುವವರು ಯಾರು?

ಒಂದು ಉದಾಹರಣೆ ಕೇಳಿ. ರಕ್ತದೊತ್ತಡಕ್ಕೆ ಅಮ್ಲೊಡಿಪಿನ್ ಕೊಡುತ್ತಾರೆ. ಒಳ್ಳೆಯ ಔಷಧಿಯೇ, ಆದರೆ ಕೆಲವರಿಗೆ ಅದರಿಂದ ಪಾದ ಊದಿಕೊಳ್ಳುತ್ತದೆ. ಊತವನ್ನು ಕಂಡ ಇನ್ನೊಬ್ಬರು ಮೂತ್ರ ಹೆಚ್ಚಿಸುವ ಮಾತ್ರೆ ಬರೆಯುತ್ತಾರೆ. ಅಜ್ಜಿ ರಾತ್ರಿ ನಾಲ್ಕು ಸಲ ಏಳುತ್ತಾರೆ. ನಿದ್ದೆಯಿಲ್ಲವೆಂದು ನಿದ್ದೆಯ ಗುಳಿಗೆ. ಆ ಮಂಪರಿನಲ್ಲಿ ಬಚ್ಚಲಿಗೆ ಹೋಗುವಾಗ ಬಿದ್ದು ತೊಡೆಯ ಮೂಳೆ ಮುರಿದರೆ ತಪ್ಪನ್ನು ಯಾರ ಮೇಲೆ ಹೊರಿಸೋಣ? ಒಬ್ಬೊಬ್ಬ ಡಾಕ್ಟರರೂ ತಮ್ಮ ಪಾಲಿನದನ್ನು ಕಂಡು ಬರೆದವರೇ. ಅಜ್ಜಿಗೆ ಕನ್ನಡ ಇಲ್ಲವೆ ತುಳು. ಆರೈಕೆಯ ಹುಡುಗಿಗೆ ಮರಾಠಿ. ‘ತಲೆ ತಿರುಗುತ್ತದೆ’ ಎಂಬ ಒಂದು ಮಾತು ದಾಟುವುದೂ ಕಷ್ಟ.

ಅಮೆರಿಕದಲ್ಲಿ ಈ ಕೆಲಸವನ್ನು ಫಾರ್ಮಾಸಿಸ್ಟರಿಗೆ ಒಪ್ಪಿಸಿದ್ದಾರೆ. ಅಲ್ಲಿಯ ನರ್ಸಿಂಗ್ ಹೋಮುಗಳಲ್ಲಿ ಪ್ರತಿಯೊಬ್ಬರ ಔಷಧಿಗಳನ್ನೂ ಅವರು ತಿಂಗಳಿಗೊಮ್ಮೆ ಪರಿಶೀಲಿಸಲೇಬೇಕೆಂಬ ನಿಯಮ 1974ರಲ್ಲಿ ಬಂತು. ವೃದ್ಧರಿಗೆ ಒಗ್ಗದ ಔಷಧಿಗಳ ಪಟ್ಟಿಯನ್ನು ಡಾ. ಮಾರ್ಕ್ ಬಿಯರ್ಸ್ 1991ರಲ್ಲಿ ಮೊದಲು ಸಿದ್ಧಪಡಿಸಿದ್ದೂ ಇಂಥ ನಿವಾಸಿಗಳಿಗಾಗಿಯೇ. ನೆಗಡಿಗೆಂದು ನಾವು ಲಕ್ಷ್ಯವಿಲ್ಲದೆ ನುಂಗುವ ಕ್ಲೋರ್‌ಫೆನಿರಮಿನ್ ಆ ಪಟ್ಟಿಯ ಈಗಿನ ಆವೃತ್ತಿಯಲ್ಲಿದೆ. ವೃದ್ಧರಲ್ಲಿ ಅದು ಬುದ್ಧಿಗೆ ಮಂಕು ಕವಿಸಬಲ್ಲದು.

ನಮ್ಮ ದೇಶದಲ್ಲಿ ಆ ರೂಢಿ ಇನ್ನೂ ಬೇರೂರಿಲ್ಲ. ಆದರೂ ನಾವು ತೀರ ಬರಿಗೈಯವರಲ್ಲ. ವಾರ್ಡುಗಳಲ್ಲಿ ರೋಗಿಯ ಔಷಧಿಗಳನ್ನು ಪರಿಶೀಲಿಸುವ ವಿದ್ಯೆಯನ್ನು ಮೈಸೂರಿನ ಜೆ.ಎಸ್.ಎಸ್. ಫಾರ್ಮಸಿ ಕಾಲೇಜು 1990ರ ದಶಕದಿಂದ ಕಲಿಸುತ್ತ ಬಂದಿದೆ. 1948ರ ಫಾರ್ಮಸಿ ಕಾಯಿದೆಯಂತೆ ಡಾಕ್ಟರರ ಚೀಟಿಯ ಔಷಧಿಯನ್ನು ನೋಂದಾಯಿತ ಫಾರ್ಮಾಸಿಸ್ಟರೇ ಕೊಡತಕ್ಕದ್ದು. 2015ರ ನಿಯಮಾವಳಿ ರೋಗಿಗೆ ತಿಳಿವಳಿಕೆ ಹೇಳುವುದನ್ನೂ ಅವರ ಕರ್ತವ್ಯವಾಗಿಸಿದೆ. ಆದುದರಿಂದ ಚೀಲವನ್ನು ನಿಮ್ಮ ಬೀದಿಯ ಔಷಧಿಯಂಗಡಿಗೇ ಒಯ್ಯಬಹುದು. ಕೇಳಬೇಕಾದದ್ದು ಡಬ್ಬಿ ತೆಗೆದುಕೊಡುವ ಹುಡುಗನನ್ನಲ್ಲ. ಗೋಡೆಯ ಮೇಲೆ ಯಾರ ಪ್ರಮಾಣಪತ್ರ ತೂಗಿದೆಯೋ ಅವರನ್ನು. (ಅವರು ಕೆಲವೆಡೆ ಕಣ್ಣಿಗೆ ಬೀಳುವುದೇ ಅಪರೂಪವೆಂಬುದು ಬೇರೆ ಮಾತು.)

ಹಿರಿಯರನ್ನು ಸೇರಿಸುವ ಮುನ್ನ ಮಂಚ ಹಾಸಿಗೆಗಳನ್ನು ನೋಡುವಷ್ಟೇ ಶ್ರದ್ಧೆಯಿಂದ ವಿಚಾರಿಸಿರಿ: ಮಾತ್ರೆ ಕೊಟ್ಟ ಹೊತ್ತನ್ನು ಬರೆದಿಡುವ ಪುಸ್ತಕವಿದೆಯೆ? ಫಾರ್ಮಾಸಿಸ್ಟರು ಬಂದು ನೋಡುತ್ತಾರೆಯೆ? ನುಂಗಲಾರದವರಿಗೆ ಮಾತ್ರೆಯನ್ನು ಕುಟ್ಟಿ ಗಂಜಿಯಲ್ಲಿ ಬೆರೆಸಿ ಕೊಡುವುದುಂಟು. ಆದರೆ ಹೆಸರಿನ ಮುಂದೆ ಎಸ್.ಆರ್., ಎಕ್ಸ್.ಎಲ್. ಎಂದಿರುವ ಮಾತ್ರೆ ನಿಧಾನವಾಗಿ ಕರಗಬೇಕಾದದ್ದು. ಕುಟ್ಟಿದರೆ ಇಡೀ ದಿನದ ಔಷಧಿ ಒಮ್ಮೆಗೇ ಮೈಗೆ ಸೇರೀತು.

ಯಾವುದನ್ನೂ ನೀವಾಗಿ ನಿಲ್ಲಿಸಬೇಡಿರಿ. ಫಾರ್ಮಾಸಿಸ್ಟರು ಹೇಳಿದ್ದನ್ನು ಒಂದು ಕಾಗದದಲ್ಲಿ ಬರೆಯಿಸಿ ಡಾಕ್ಟರರ ಮುಂದಿಡಿರಿ. ಚೀಲ ಒಯ್ಯುವಾಗ ಊರಿನಿಂದ ಬಂದ ಕಷಾಯದ ಶೀಸೆಯನ್ನೂ ಲೇಹ್ಯದ ಡಬ್ಬಿಯನ್ನೂ ಮನೆಯಲ್ಲಿ ಬಿಡಬೇಡಿರಿ.