ಕೊಳ್ಳೋದು ಬೇರೆ, ಓದೋದು ಬೇರೆ ಸ್ವಾಮೀ!

ಹಾರ್ಮೋನಿಯಂ ಕೊಂಡವರನ್ನು ಯಾರೂ ಹಾಡುಗಾರ ಅಂತ ಕರೆಯೋದಿಲ್ಲ. ಇಡ್ಲಿ ಪಾತ್ರೆ ಕೊಂಡ ಮಾತ್ರಕ್ಕೆ ಮನೆಯವರ ಹೊಟ್ಟೆ ತುಂಬೋದಿಲ್ಲ. ಆದರೆ ಪುಸ್ತಕ ಕೊಂಡವರನ್ನು ಮಾತ್ರ ನಾವು ತಕ್ಷಣ 'ಓದುಗರು' ಅಂತ ಕರೆದುಬಿಡುತ್ತೇವೆ! ಯಾಕೆ ಈ ರಿಯಾಯಿತಿ? ಪುಸ್ತಕ ಮೇಳದಿಂದ ಎರಡು ಕೈಚೀಲ ತುಂಬಿಸಿಕೊಂಡು ಬಂದು, ಊಟದ ಮೇಜಿನ ಮೇಲೆ ಗೋಪುರದ ಹಾಗೆ ಜೋಡಿಸಿ, ಫೋಟೋ ತೆಗೆದು "ಈ ಸಲದ ಫಸಲು" ಅಂತ ನಾಲ್ಕು ಜನಕ್ಕೆ ಕಳಿಸಿದರೆ ಮುಗೀತು. ಆ ಗೋಪುರದಲ್ಲಿ ಎಷ್ಟನ್ನು ಓದಿದಿರಿ ಅಂತ ಮುಂದಿನ ವರ್ಷ ಯಾರೂ ಕೇಳೋದಿಲ್ಲ. ಕೇಳಿದರೆ ಅದು ಮರ್ಯಾದೆಯಲ್ಲ. ಇವತ್ತು ನಾನು ಅದನ್ನೇ ಕೇಳಬೇಕು ಅಂತಿದ್ದೀನಿ.

ನನ್ನ ವಾದ ಇಷ್ಟೇ. ಓದುವ ಅಭ್ಯಾಸ ಉಳಿಯಬೇಕು ಅಂತಿದ್ದರೆ ಪುಸ್ತಕ ಕೊಳ್ಳುವ ಚಟಕ್ಕೆ ಕಡಿವಾಣ ಬೀಳಬೇಕು. ಎರಡೂ ಅಣ್ಣತಮ್ಮಂದಿರು ಅಂತ ನಂಬಿಕೊಂಡಿದ್ದೇವೆ. ಅಣ್ಣತಮ್ಮಂದಿರೇ ಹೌದು, ಆದರೆ ಸೈಟಿನ ವ್ಯಾಜ್ಯ ನಡೀತಿರೋ ಅಣ್ಣತಮ್ಮಂದಿರು! ಒಬ್ಬ ಬೆಳೆದಷ್ಟೂ ಇನ್ನೊಬ್ಬನ ಪಾಲು ಕಡಿಮೆ.

'ಪುಸ್ತಕದ ಬದನೆಕಾಯಿ' ಅನ್ನೋ ಮಾತು ಎಲ್ಲರಿಗೂ ಗೊತ್ತು. ಬರೀ ಓದಿ ತಿಳಿದದ್ದು ಅಡುಗೆಗೆ ಬರೋದಿಲ್ಲ ಅಂತ ಹಿರಿಯರು ಮಾಡಿದ ಗೇಲಿ ಅದು. ನಾನು ಅದನ್ನು ಸ್ವಲ್ಪ ತಿರುಗಿಸ್ತೀನಿ. ನಿಜವಾದ ಬದನೆಕಾಯಿಯನ್ನು ಸಂತೆಯಿಂದ ತಂದರೆ ಎರಡು ಮೂರು ದಿನದಲ್ಲಿ ಎಣ್ಣೆಗಾಯಿಯೋ ಹುಳಿಯೋ ಮಾಡಲೇಬೇಕು. ಇಲ್ಲದಿದ್ದರೆ ಕೊಳೆತು ನಾರುತ್ತದೆ, ಮನೆಯವರಿಂದ ಬೈಗುಳ ಗ್ಯಾರಂಟಿ. ಹಾಗಾಗಿ ಯಾರೂ ಒಂದೇ ಸಲಕ್ಕೆ ಇಪ್ಪತ್ತು ಕೆಜಿ ಬದನೆಕಾಯಿ ಹೊತ್ತು ತರೋದಿಲ್ಲ. ಪುಸ್ತಕ ನಾರೋದಿಲ್ಲ, ಅದೇ ಬಂದ ಕಷ್ಟ. ಓದದೇ ಇದ್ದರೂ ಬೀರುವಿನಲ್ಲಿ ಕೂತು ಒಡೆಯನ ಮಾನ ಕಾಯುತ್ತದೆ. ಈಚೆಗೆ ಈ ಖಾಯಿಲೆಗೆ 'ತ್ಸುಂಡೊಕು' ಅಂತ ಜಪಾನೀ ಹೆಸರೂ ಸಿಕ್ಕಿದೆ. ಕನ್ನಡದಲ್ಲಿ ದುಂದು ಅಂದರೆ ನಾಚಿಕೆ, ಜಪಾನೀ ಭಾಷೆಯಲ್ಲಿ ಹೇಳಿಕೊಂಡರೆ ಹೆಮ್ಮೆ!

ಸ್ವಲ್ಪ ಲೆಕ್ಕ ಹಾಕೋಣ. ಕೆಲಸ, ಮನೆ, ಮಕ್ಕಳು ಎಲ್ಲ ಇರುವವರು ದಿನಕ್ಕೆ ಒಂದು ಗಂಟೆ ಓದಿದರೆ ಅದೇ ದೊಡ್ಡದು. ಗಂಟೆಗೆ 25 ಪುಟ ಅಂತಿಟ್ಟುಕೊಳ್ಳಿ. 250 ಪುಟದ ಪುಸ್ತಕಕ್ಕೆ 10 ದಿನ. ಒಂದು ದಿನವೂ ತಪ್ಪದೆ ಓದಿದರೆ ವರ್ಷಕ್ಕೆ 36 ಪುಸ್ತಕ. ನಡುವೆ ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಥರದ್ದು ಕೈಗೆ ಬಂದರೆ ಒಂದು ತಿಂಗಳು ಅದಕ್ಕೇ ಹೋಯಿತು, ಹೋಗಬೇಕಾದ್ದೇ. ಈಗ ಕೊಳ್ಳುವ ಲೆಕ್ಕ. ವರ್ಷಕ್ಕೆ ಮೂರು ಮೇಳ, ಮೇಳಕ್ಕೆ 20 ಅಂದರೆ 60. ಓದದೆ ಉಳಿಯೋದು 24. ಹತ್ತು ವರ್ಷಕ್ಕೆ 240! ಅಷ್ಟನ್ನು ಓದಿ ಮುಗಿಸಲು ಒಂದೂ ಹೊಸದು ಕೊಳ್ಳದೆ ಆರೂವರೆ ವರ್ಷಕ್ಕೂ ಹೆಚ್ಚು ಬೇಕು. ಇದು ದಿನ ತಪ್ಪದೆ ಓದುವ ಪುಣ್ಯಾತ್ಮರ ಲೆಕ್ಕ. ಉಳಿದವರದು ನೀವೇ ಹಾಕಿಕೊಳ್ಳಿ.

"ಇದ್ದರೆ ಇರಲಿ ಬಿಡ್ರೀ, ಏನು ನಷ್ಟ?" ಅನ್ನಬಹುದು. ನಷ್ಟ ಇದೆ. ಓದದ ಪುಸ್ತಕಗಳ ಸಾಲು ದಿನಾ ಕಣ್ಣಿಗೆ ಬೀಳುತ್ತಿದ್ದರೆ ಸಾಲ ಕೊಟ್ಟವನು ಎದುರು ಮನೆಯಲ್ಲೇ ಬಾಡಿಗೆಗೆ ಬಂದ ಹಾಗೆ. ಇದನ್ನು ಹಿಡಿದರೆ ಅದು ಕರೆಯುತ್ತದೆ, ಅದನ್ನು ಹಿಡಿದರೆ ಮೊನ್ನೆ ತಂದದ್ದು ಕರೆಯುತ್ತದೆ. ಹತ್ತು ಪುಸ್ತಕದಲ್ಲಿ ಇಪ್ಪತ್ತಿಪ್ಪತ್ತು ಪುಟ ಓದಿ ಕೊನೆಗೆ ಮೊಬೈಲು ಹಿಡಿದು ಮಲಗುವುದು. ಓದಿನ ಸುಖ ಹೋಗಿ ಬಾಕಿ ತೀರಿಸುವ ತಲೆನೋವು ಉಳಿಯುತ್ತದೆ. ಆಮೇಲೆ "ಈಗೀಗ ಓದೋಕೇ ಆಗ್ತಿಲ್ಲ, ಮನಸ್ಸು ನಿಲ್ಲಲ್ಲ" ಅಂತ ಗೋಳು. ಮನಸ್ಸು ಎಲ್ಲಿ ನಿಲ್ಲಬೇಕು ಹೇಳಿ, ಕೂರೋಕೆ ಜಾಗ ಬಿಟ್ಟಿದ್ದೀರಾ?

ನಮ್ಮ ರಾಜಾನುಕುಂಟೆಯಂಥ ಕಡೆ ಇರುವವರಿಗೆ ಈ ಚಟ ಅಂಟಲು ಒಂದು ಕಾರಣವೂ ಇತ್ತು. ಯಲಹಂಕ-ದೊಡ್ಡಬಳ್ಳಾಪುರ ರಸ್ತೆಯ ಮೇಲಿನ ಊರು ಇದು. ಕನ್ನಡ ಪುಸ್ತಕ ಬೇಕು ಅಂದರೆ ಯಲಹಂಕ, ಹೆಬ್ಬಾಳ, ಮೇಖ್ರಿ ಸರ್ಕಲ್ ದಾಟಿ ಗಾಂಧಿನಗರಕ್ಕೋ ಬಸವನಗುಡಿಗೋ ಹೋಗಬೇಕಿತ್ತು. ಹೆಬ್ಬಾಳದ ಜಾಮ್‌ನಲ್ಲಿ ಅರ್ಧ ಆಯಸ್ಸು ಕಳೆದು ಅಂಗಡಿ ಮುಟ್ಟಿದವರು ಒಂದೇ ಪುಸ್ತಕ ಹಿಡಿದು ವಾಪಸ್ ಬರ್ತಾರಾ? ಮಳೆಗಾಲಕ್ಕೆ ಸೌದೆ ಕೂಡಿಡುವ ಹಾಗೆ ಚೀಲ ತುಂಬಿಸಿಕೊಳ್ಳುತ್ತಿದ್ದರು. ಅದಕ್ಕೆ ಅರ್ಥ ಇತ್ತು. ಈಗ ಹಾಲಿನವನು ಬಂದಷ್ಟೇ ಸಲೀಸಾಗಿ ಕೊರಿಯರ್ ಹುಡುಗ ಮನೆ ಬಾಗಿಲಿಗೇ ಪುಸ್ತಕ ತಂದುಕೊಡುತ್ತಾನೆ. ಬೇಕಾದಾಗ ಒಂದು ತರಿಸಿಕೊಂಡರೆ ಸಾಕು. ಕೂಡಿಡುವ ಕಾರಣ ಹೋಯಿತು, ಕೂಡಿಡುವ ಚಟ ಮಾತ್ರ ಎರಡರಷ್ಟಾಯಿತು!

ಆಸೆ ಹುಟ್ಟಿಸುವವರಿಗೂ ಬರವಿಲ್ಲ. ನವೆಂಬರ್ ಬಂತೆಂದರೆ ಕನ್ನಡ ಪುಸ್ತಕ ಪ್ರಾಧಿಕಾರದ ಅರ್ಧ ಬೆಲೆಯ ಮಾರಾಟ, ಆಮೇಲೆ ಪುಸ್ತಕ ಸಂತೆ, ಸಾಹಿತ್ಯ ಸಮ್ಮೇಳನದ ಮಳಿಗೆಗಳು. 2025ರ ಫೆಬ್ರುವರಿ ಕೊನೆಯಲ್ಲಿ ವಿಧಾನಸೌಧದ ಆವರಣದಲ್ಲೇ ಪುಸ್ತಕ ಮೇಳ ನಡೆಯಿತು. ಇವೆಲ್ಲ ಒಳ್ಳೆಯವೇ. ಆದರೆ ಶೇಕಡಾ 50 ರಿಯಾಯಿತಿ ಇರುವುದು ಬೆಲೆಯಲ್ಲಿ, ಓದುವ ಹೊತ್ತಿನಲ್ಲಿ ಅಲ್ಲ. 300 ರೂಪಾಯಿಯದು 150ಕ್ಕೆ ಸಿಕ್ಕರೂ ಓದಲು ಅದೇ ಹತ್ತು ಗಂಟೆ ಬೇಕು. ಅವೆನ್ಯೂ ರೋಡಿನ ಹಳೇ ಪುಸ್ತಕಕ್ಕೂ ಇದೇ ಮಾತು. "ಐವತ್ತು ರೂಪಾಯಿ ತಾನೇ" ಅನ್ನೋದು ಕಾರಣವಲ್ಲ, ನೆಪ.

ಸುದ್ದಿಯ ಬೆನ್ನು ಹತ್ತಿ ಕೊಳ್ಳುವುದು ಇನ್ನೊಂದು ಬಗೆ. 2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರ ಕತೆಗಳ ಇಂಗ್ಲಿಷ್ ಅನುವಾದ 'ಹಾರ್ಟ್ ಲ್ಯಾಂಪ್'ಗೆ ಅಂತಾರಾಷ್ಟ್ರೀಯ ಬೂಕರ್ ಬಂತು. ಅನುವಾದಿಸಿದವರು ದೀಪಾ ಭಾಸ್ತಿ. ಕನ್ನಡದವರಿಗೆಲ್ಲ ಸಂಭ್ರಮ, ನನಗೂ. ಆದರೆ ಬಾನು ಅವರ ಮೊದಲ ಸಂಕಲನ 'ಹೆಜ್ಜೆ ಮೂಡಿದ ಹಾದಿ' ಬಂದದ್ದು 1990ರಲ್ಲಿ. 35 ವರ್ಷ ಅವರ ಕತೆಗಳು ಕನ್ನಡದಲ್ಲೇ ಇದ್ದವು. ಬಹುಮಾನದ ಮರುದಿನ ಆತುರ ಪಟ್ಟವರೆಲ್ಲ ಅಷ್ಟು ವರ್ಷ ಎಲ್ಲಿದ್ದರು? ಇರಲಿ, ಕೊಂಡವರು ಓದಿದರೆ ಜಗಳವೇ ಇಲ್ಲ. ಬೀರು ಸೇರಿಸಿದರೆ ಆ ಕತೆಗಳಿಗೆ ಇನ್ನೊಂದು 35 ವರ್ಷ ಕತ್ತಲೆ.

ಈಗ ದೊಡ್ಡ ಆಕ್ಷೇಪಣೆಗೆ ಬರೋಣ. "ಕನ್ನಡ ಪುಸ್ತಕ ಕೊಳ್ಳಬೇಡಿ ಅಂತೀರಲ್ಲ, ಪ್ರಕಾಶಕರು ಏನು ಮಾಡಬೇಕು? ಅಚ್ಚಾಗೋದೇ ಐನೂರೋ ಸಾವಿರವೋ ಪ್ರತಿ. ಕೊಳ್ಳೋದು ಕನ್ನಡ ಸೇವೆ!" ಈ ಮಾತಿನಲ್ಲಿ ಸತ್ಯ ಇದೆ, ಅದಕ್ಕೇ ಉತ್ತರ ಕೊಡಬೇಕು. ಗಳಗನಾಥರು ಪುಸ್ತಕದ ಗಂಟು ಹೊತ್ತು ಊರೂರು ಅಲೆದು ಮಾರಿದರು ಅಂತ ನಾವೆಲ್ಲ ಭಕ್ತಿಯಿಂದ ಹೇಳ್ತೀವಿ. ಅವರು ಆ ಭಾರ ಹೊತ್ತದ್ದು ಯಾರದೋ ಬೀರು ತುಂಬಲಿ ಅಂತಲ್ಲ. ಒಂದು ಮನೆಗೆ ಹೋದ ಕಾದಂಬರಿ ಹತ್ತು ಮನೆ ಸುತ್ತಲಿ, ಓದೋ ರುಚಿ ಹತ್ತಲಿ ಅಂತ. ಓದದೆ ಇಟ್ಟ ಪುಸ್ತಕದಿಂದ ಒಂದು ಪ್ರತಿ ಖರ್ಚಾಯಿತು, ಅಲ್ಲಿಗೆ ಮುಗೀತು. ಓದಿ ಇಷ್ಟಪಟ್ಟವರು ಮಾತ್ರ ಇನ್ನೊಬ್ಬರ ಕೈಗೆ ಕೊಟ್ಟು "ಇದನ್ನು ಓದಲೇಬೇಕು ಕಣ್ರೀ" ಅಂತಾರೆ. ಆ ಮಾತಿನಿಂದ ಹುಟ್ಟುವ ಓದುಗನೇ ಪ್ರಕಾಶಕರ ನಾಳೆ. ಅದೇ ಕೆಲವು ನೂರು ಜನರಿಗೆ ಇನ್ನೂ ಇನ್ನೂ ಮಾರುತ್ತಾ ಹೋದರೆ ಅವರ ಮನೆ ಗೋಡೆ ಮುಗಿದ ದಿನ ವ್ಯಾಪಾರವೂ ಮುಗಿಯುತ್ತದೆ.

ಪ್ರಕಾಶಕರ ನಿಜವಾದ ಆಸರೆ ಗ್ರಂಥಾಲಯ. ಆಯ್ಕೆಯಾದ ಪುಸ್ತಕದ 300 ಪ್ರತಿಗಳನ್ನು ಗ್ರಂಥಾಲಯ ಇಲಾಖೆ ಸಗಟು ಖರೀದಿ ಮಾಡುವ ವ್ಯವಸ್ಥೆ ಇದೆ. ಅದು ತಡವಾದಾಗ, ಹಣ ಬಾರದಾಗ ಪ್ರಕಾಶಕರು, ಲೇಖಕರು ದನಿಯೆತ್ತಿದ್ದಾರೆ. ಆದರೆ ಓದುಗರು? ನಾವು ಬಾಯಿ ಬಿಡಲಿಲ್ಲ. ಯಾಕೆಂದರೆ ನಾವು ಗ್ರಂಥಾಲಯಕ್ಕೆ ಹೋಗುವುದನ್ನೇ ಬಿಟ್ಟಿದ್ದೇವಲ್ಲ!

ಮನೆಕಂದಾಯದ ರಸೀದಿ ತೆಗೆದು ನೋಡಿ. ಹಳ್ಳಿಯ ಪಂಚಾಯಿತಿ ಇರಲಿ, ನಗರದ ಪಾಲಿಕೆ ಇರಲಿ, ತೆರಿಗೆಯ ಜೊತೆ ಗ್ರಂಥಾಲಯ ಕರ ಅಂತ ಒಂದು ಸಾಲು ಇರುತ್ತದೆ. 100 ರೂಪಾಯಿ ತೆರಿಗೆಗೆ 6 ರೂಪಾಯಿ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಕಾಲದಿಂದ ಬಂದ ಕರ ಇದು. ಬಿಬಿಎಂಪಿ ಇದ್ದ ಕಾಲದಲ್ಲಿ ಹೀಗೆ ವಸೂಲಾದ ಹಣವನ್ನು ಗ್ರಂಥಾಲಯ ಇಲಾಖೆಗೆ ಪೂರ್ತಿ ದಾಟಿಸದೆ ನೂರಾರು ಕೋಟಿ ಬಾಕಿ ಉಳಿದಿದೆ ಅಂತ ಪತ್ರಿಕೆಗಳಲ್ಲಿ ಎಷ್ಟೋ ಸಲ ಬಂತು. 2025ರಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆಗಳಾದವು. ನೀರು ಬಾರದಿದ್ದರೆ ಖಾಲಿ ಕೊಡ ಹಿಡಿದು ರಸ್ತೆಗೆ ಬರ್ತೀವಿ. ಪುಸ್ತಕ ಬಾರದಿದ್ದರೆ? ಸದ್ದಿಲ್ಲದೆ ಆನ್‌ಲೈನ್‌ನಲ್ಲಿ ತರಿಸಿಕೊಳ್ತೀವಿ. ಸರ್ಕಾರಿ ಶಾಲೆಗೆ ಆದದ್ದೂ ಇದೇ. ಕೈಯಲ್ಲಿ ಕಾಸು, ಬಾಯಲ್ಲಿ ಮಾತು ಇದ್ದವರು ಹೊರಗೆ ಹೋದರು, ಒಳಗೆ ಉಳಿದವರ ಪರ ಕೇಳುವವರು ಇಲ್ಲವಾದರು. ಕತೆ ಕಾದಂಬರಿ ಕೇಳುವವರೇ ಬರದಿದ್ದರೆ ಗ್ರಂಥಾಲಯದಲ್ಲಿ ದಿನಪತ್ರಿಕೆ ಮತ್ತು ಸ್ಪರ್ಧಾತ್ಮಕ ಪರೀಕ್ಷೆಯ ಗೈಡು ಬಿಟ್ಟು ಇನ್ನೇನು ಉಳಿಯುತ್ತದೆ?

ಅವಕಾಶ ಇಲ್ಲವೆಂದಲ್ಲ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ರಾಜ್ಯದಲ್ಲಿ ಐದು ಸಾವಿರಕ್ಕೂ ಹೆಚ್ಚಿವೆ, ಈಗ 'ಅರಿವು ಕೇಂದ್ರ' ಅಂತ ಕರೆಯುತ್ತಾರೆ. 2020ರಲ್ಲಿ ಶುರುವಾದ 'ಓದುವ ಬೆಳಕು' ಕಾರ್ಯಕ್ರಮದಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟರು. ಜನರಿಂದ ಪುಸ್ತಕ ಕೇಳಿ ಪಡೆಯಲು 'ಪುಸ್ತಕ ಜೋಳಿಗೆ' ಹಿಡಿದರು. ಆ ಜೋಳಿಗೆಗೆ ಹಳೇ ಗೈಡು, ಹರಿದ ಡೈರಿ ಹಾಕುವ ದಾನಿಗಳಿಗೆ ಒಂದು ಮಾತು: ಮನೆ ಗುಡಿಸಿದ ಕಸ ದಾನವಲ್ಲ. ನೀವು ಓದಿ ಮೆಚ್ಚಿದ್ದನ್ನು ಕೊಡಿ.

ಗ್ರಂಥಾಲಯ ಶಾಸ್ತ್ರದ ಎಸ್. ಆರ್. ರಂಗನಾಥನ್ 1931ರಲ್ಲಿ ಐದು ಸೂತ್ರ ಬರೆದರು. ಮೊದಲನೆಯದೇ ಪುಸ್ತಕ ಇರುವುದು ಬಳಕೆಗೆ ಅನ್ನೋದು. ಆ ರಂಗನಾಥನ್ ಕೊನೆಗಾಲದಲ್ಲಿ ಇದ್ದದ್ದು, 1972ರಲ್ಲಿ ತೀರಿಕೊಂಡದ್ದು ನಮ್ಮ ಬೆಂಗಳೂರಿನಲ್ಲೇ. ಹಿಂದೆ ಯುರೋಪಿನ ಗ್ರಂಥಾಲಯಗಳಲ್ಲಿ ಪುಸ್ತಕಕ್ಕೆ ಸರಪಳಿ ಬಿಗಿದಿಡುತ್ತಿದ್ದರು. ನಾವು ಸುಧಾರಿಸಿದ್ದೇವೆ, ಗಾಜಿನ ಬಾಗಿಲು ಹಾಕಿಸಿ ಬೀಗ ಹಾಕಿದ್ದೇವೆ.

"ಹಾಗಾದರೆ ಅಂಕೇಗೌಡರು?" ಅಂತ ಕೇಳಬಹುದು. ಕೇಳಿ. ಪಾಂಡವಪುರದ ಹತ್ತಿರ ಹರಳಹಳ್ಳಿಯಲ್ಲಿ ಅವರು ಕಟ್ಟಿದ 'ಪುಸ್ತಕ ಮನೆ'ಯಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಪುಸ್ತಕಗಳಿವೆ. ಒಂದು ಕಾಲಕ್ಕೆ ಬಸ್ ಕಂಡಕ್ಟರ್ ಆಗಿದ್ದವರು, ದುಡಿದದ್ದನ್ನೆಲ್ಲ ಅದಕ್ಕೇ ಸುರಿದರು. 2026ರಲ್ಲಿ ಪದ್ಮಶ್ರೀ ಘೋಷಣೆಯಾಯಿತು. ಅವರಿಗಿಂತ ದೊಡ್ಡ ಕೊಳ್ಳುಬಾಕ ಯಾರಿದ್ದಾರೆ? ಆದರೆ ಅವರ ಬಾಗಿಲು ಎಲ್ಲರಿಗೂ ತೆರೆದಿದೆ, ದುಡ್ಡಿಲ್ಲದೆ. ಬೇಕಿದ್ದರೆ ನೀವೂ ಲಕ್ಷ ಪುಸ್ತಕ ಕೊಳ್ಳಿ, ಬಾಗಿಲು ತೆರೆದಿಡಿ, ನಾನೇ ಬಂದು ಧೂಳು ಹೊಡೆಯುತ್ತೇನೆ. ಮೈಸೂರಿನ ಸೈಯದ್ ಇಸಾಕ್ ಕೂಲಿ ಮಾಡಿ ನಡೆಸುತ್ತಿದ್ದ ಗ್ರಂಥಾಲಯ 2021ರ ಏಪ್ರಿಲ್‌ನಲ್ಲಿ ಬೆಂಕಿಗೆ ಹೋಯಿತು. 11,000ದಷ್ಟು ಪುಸ್ತಕ ಬೂದಿ. ಸುಟ್ಟ ಮೇಲೆ ಎಲ್ಲೆಲ್ಲಿಂದಲೋ ನೆರವು ಬಂತು, ಜನ ಒಳ್ಳೆಯವರೇ. ಸುಡುವ ಮೊದಲು ನಮ್ಮ ನಮ್ಮೂರಿನ ಗ್ರಂಥಾಲಯದ ನೆನಪಾಗಬಾರದೇ?

ಬೈದದ್ದು ಸಾಕು, ಮಾಡೋದು ಏನು? ನಾನು ಪಾಲಿಸುವ ನೇಮ ಹೇಳ್ತೀನಿ. ಆಸೆಯಾದ ಪುಸ್ತಕದ ಹೆಸರನ್ನು ತಾರೀಕಿನ ಸಮೇತ ಒಂದು ನೋಟ್‌ಬುಕ್ಕಿನಲ್ಲಿ ಬರೆಯೋದು. ಮೂರು ತಿಂಗಳ ನಂತರವೂ ಬೇಕೆನ್ನಿಸಿದರೆ ಮೊದಲು ಗ್ರಂಥಾಲಯದಲ್ಲಿ, ಗೆಳೆಯರಲ್ಲಿ ಕೇಳೋದು. ಅಷ್ಟರಲ್ಲಿ ಅರ್ಧಕ್ಕರ್ಧ ಹೆಸರು ತಾವಾಗಿಯೇ ಉದುರುತ್ತವೆ. ಕೊಂಡರೆ ಅದೇ ವಾರ ಶುರು ಮಾಡೋದು. ಸಾಲ ಕೊಟ್ಟ ಪುಸ್ತಕ, ತಂದ ಪುಸ್ತಕ ಎರಡನ್ನೂ ಅದೇ ನೋಟ್‌ಬುಕ್ಕಿನ ಕೊನೇ ಪುಟದಲ್ಲಿ ಗುರುತು ಹಾಕೋದು, ಇಲ್ಲದಿದ್ದರೆ ಸ್ನೇಹವೂ ಹೋಗುತ್ತದೆ, ಪುಸ್ತಕವೂ ಹೋಗುತ್ತದೆ :) ಮತ್ತೆ, ಓದಿದ್ದನ್ನೇ ಓದೋದು. ಹದಿನೈದರಲ್ಲಿ ಓದಿದ 'ಕರ್ವಾಲೊ' ನಲವತ್ತರಲ್ಲಿ ಬೇರೆಯೇ ಪುಸ್ತಕ. ಒಂದು ಪೈಸೆ ಖರ್ಚಿಲ್ಲ.

ಹಳೆಯವರನ್ನು ಓದಲು ಕೊಳ್ಳಲೇಬೇಕೆಂದಿಲ್ಲ. ನಮ್ಮ ಕಾನೂನಿನಲ್ಲಿ ಲೇಖಕರು ತೀರಿಕೊಂಡು 60 ವರ್ಷ ಕಳೆದರೆ ಹಕ್ಕುಸ್ವಾಮ್ಯ ಮುಗಿಯುತ್ತದೆ. ಗಳಗನಾಥರು, ಬಿ. ವೆಂಕಟಾಚಾರ್ಯರು, ಕೆರೂರು ವಾಸುದೇವಾಚಾರ್ಯರು, 1899ರಲ್ಲಿ 'ಇಂದಿರಾಬಾಯಿ' ಬರೆದ ಗುಲ್ವಾಡಿ ವೆಂಕಟರಾಯರು ಎಲ್ಲ ಈಗ ಎಲ್ಲರ ಆಸ್ತಿ. ಇಂಟರ್ನೆಟ್ ಆರ್ಕೈವ್‌ನಲ್ಲಿ ಹಳೆಯ ಕನ್ನಡ ಪುಸ್ತಕಗಳ ಸ್ಕ್ಯಾನ್ ಪ್ರತಿಗಳು ರಾಶಿ ರಾಶಿ ಇವೆ. ಉಳಿಸಿದ ದುಡ್ಡಲ್ಲಿ ಹೊಸದಾಗಿ ಬರೆಯುತ್ತಿರುವ ಹುಡುಗನದೋ ಹುಡುಗಿಯದೋ ಒಂದು ಪುಸ್ತಕ ಕೊಳ್ಳಿ, ಓದಿ, ಓದಿದೆ ಅಂತ ಅವರಿಗೆ ತಿಳಿಸಿ. ಬರೆಯುವವರಿಗೆ ಮಾರಾಟದ ಲೆಕ್ಕಕ್ಕಿಂತ ಆ ಒಂದು ಮಾತು ದೊಡ್ಡದು.

ಕೊನೆಗೆ ಒಂದೇ ಕೋರಿಕೆ. ಮುಂದಿನ ಸಲ ಕಂದಾಯ ಕಟ್ಟಿದ ದಿನ ಆ ರಸೀದಿ ಜೇಬಲ್ಲಿಟ್ಟುಕೊಂಡು ಹತ್ತಿರದ ಗ್ರಂಥಾಲಯಕ್ಕೆ ಹೋಗಿ. ನಿಮ್ಮ ನೋಟ್‌ಬುಕ್ಕಿನಲ್ಲಿ ಬರೆದಿಟ್ಟ ಒಂದು ಪುಸ್ತಕ ಕೇಳಿ. ಇದ್ದರೆ ತಂದು ಓದಿ. ಇಲ್ಲದಿದ್ದರೆ ತರಿಸಿ ಅಂತ ಒಂದು ಅರ್ಜಿ ಬರೆದುಕೊಟ್ಟು ಬನ್ನಿ, ತಿಂಗಳು ಬಿಟ್ಟು ಮತ್ತೆ ಹೋಗಿ ಕೇಳಿ. ಆ ಪುಸ್ತಕ ಬಂದರೆ ನಿಮ್ಮೊಬ್ಬರಿಗೇ ಬರೋದಿಲ್ಲ. ನೀವು ಹಿಂತಿರುಗಿಸಿದ ಮೇಲೆ ಅದನ್ನು ಎತ್ತಿಕೊಳ್ಳುವ ಏಳನೇ ಕ್ಲಾಸಿನ ಹುಡುಗಿ ಒಬ್ಬಳು ಅದೇ ಊರಲ್ಲಿ ಇರ್ತಾಳೆ. ನಿಮ್ಮ ಬೀರುವಿನ ಕೀಲಿ ಅವಳ ಹತ್ತಿರ ಇಲ್ಲವಲ್ಲ!