ಸೌರ ಫಲಕ ಅಂಗಳಕ್ಕೋ, ಮಾಡಿಗೋ?

ಸಂಘದ ಗೋದಾಮಿನ ಅಂಗಳಕ್ಕೂ ಅಲ್ಲಿಂದ ಹೆದ್ದಾರಿ ಸೇರುವ ರಸ್ತೆಗೂ ಕಾಂಕ್ರೀಟಿನ ಬದಲು ಸೌರ ಫಲಕಗಳನ್ನೇ ಹಾಸಿದರೆ ಹೇಗೆ ಎಂಬ ಸೂಚನೆಯೊಂದು ಕಳೆದ ಸಭೆಯಲ್ಲಿ ಬಂದಿದೆ. ತಂದವರು ತರುಣ ಸದಸ್ಯರು. ಜಾಗ ಹೇಗೂ ಬಿಸಿಲಿಗೆ ಬಿದ್ದಿದೆ, ತೋಟದ ಒಂದು ಗುಂಟೆಯೂ ಹೋಗದು ಎಂಬ ಅವರ ವಾದವನ್ನು ನಕ್ಕು ತಳ್ಳುವಂತಿಲ್ಲ. ಆದರೆ ಹಣ ಕಟ್ಟಡ ನಿಧಿಯದು, ಅಂದರೆ ಸದಸ್ಯ ಬಾಂಧವರದು. ಆದ್ದರಿಂದ ಮುಂದಿನ ಸಭೆಗೆ ಮೊದಲೇ ಈ ನಾಲ್ಕು ಮಾತು.

ಈ ಪ್ರಯೋಗವನ್ನು ಫ್ರಾನ್ಸಿನವರು ಮಾಡಿ ನೋಡಿದ್ದಾರೆ. ನಾರ್ಮಂಡಿ ಪ್ರಾಂತ್ಯದ ತೂರುವ್ರ್ ಎಂಬ ಊರಿನಲ್ಲಿ 2016ರ ಡಿಸೆಂಬರಿನಲ್ಲಿ ಒಂದು ಕಿಲೋಮೀಟರ್ ರಸ್ತೆಗೆ 2,800 ಚದರ ಮೀಟರ್ ಫಲಕ ಹಾಸಿದರು. ತಗುಲಿದ್ದು 50 ಲಕ್ಷ ಯೂರೋ. ಅಂದಿನ ದರದಲ್ಲಿ ನಮ್ಮ 35 ಕೋಟಿ ರೂಪಾಯಿಯಷ್ಟು. 2017ರಲ್ಲಿ ಸುಮಾರು 1,50,000 ಯೂನಿಟ್ ಬಂತು. 2018ರಲ್ಲಿ 78,000ಕ್ಕೆ ಇಳಿಯಿತು. ಅದೂ ರೈತರ ನಾಡೇ. ಟ್ರ್ಯಾಕ್ಟರಿನ ಭಾರಕ್ಕೆ ಫಲಕ ಸೀಳಿದವು, ಮರದ ಎಲೆ ಬಿದ್ದು ಕೊಳೆಯಿತು, ಸದ್ದು ತಾಳಲಾರದೆ ವಾಹನಗಳ ವೇಗವನ್ನೇ ಇಳಿಸಬೇಕಾಯಿತು. 2018ರಲ್ಲಿ 90 ಮೀಟರಿನಷ್ಟು ಕಿತ್ತು ಹಾಕಿದರು.

ಲೆಕ್ಕ ಹಾಕಿ ನೋಡೋಣ. ನಮ್ಮ ಕಡೆ ಮಾಡಿನ ಮೇಲೆ ಕೂರಿಸಿದ ಒಂದು ಕಿಲೋವ್ಯಾಟ್ ಫಲಕ ವರ್ಷಕ್ಕೆ 1,300 ಯೂನಿಟ್ ಆಸುಪಾಸು ಕೊಡುತ್ತದೆ. ಆ 1,50,000 ಯೂನಿಟ್ಟಿಗೆ 115 ಕಿಲೋವ್ಯಾಟ್ ಸಾಕು. ಕಿಲೋವ್ಯಾಟಿಗೆ 60,000 ರೂಪಾಯಿ ಹಿಡಿದರೂ 70 ಲಕ್ಷದೊಳಗೆ ಮುಗಿಯಿತು. ಪ್ರಯೋಗದ ಖರ್ಚೆಂದು ಫ್ರೆಂಚರಿಗೆ ಅರ್ಧ ಬಿಟ್ಟುಕೊಟ್ಟರೂ ಹೋಲಿಕೆಯೇ ಇಲ್ಲ.

ಮಲಗಿಸಿದ ಫಲಕಕ್ಕೆ ಬಿಸಿಲು ಓರೆಯಾಗಿ ಬೀಳುವ ನಷ್ಟ ಫ್ರಾನ್ಸಿನಲ್ಲಿ ದೊಡ್ಡದು. ಸೂರ್ಯ ನೆತ್ತಿಯ ಮೇಲೇ ಹಾಯುವ ಕಾರವಾರ, ಅಂಕೋಲೆಗಳಲ್ಲಿ ಅಷ್ಟಿಲ್ಲ. ನಮ್ಮ ತೊಡಕು ಬೇರೆ. ಓರೆಯಾಗಿಟ್ಟ ಫಲಕವನ್ನು ಮಳೆ ತೊಳೆಯುತ್ತದೆ. ಮಲಗಿಸಿದ್ದರ ಮೇಲೆ ಕೆಮ್ಮಣ್ಣಿನ ರಾಡಿ ಕೂರುತ್ತದೆ. ಅಡಿಗೆ ಗಾಳಿಯಾಡದೆ ಫಲಕ ಕಾದಷ್ಟೂ ವಿದ್ಯುತ್ತು ಕಡಿಮೆ. ಲಾರಿ ಹೊರುವಂತಹ ದಪ್ಪ ಗಾಜು ಬೆಳಕನ್ನು ತಡೆಯುತ್ತದೆ. 2010ರ ಸುಮಾರಿಗೆ ಬೇಲೆಕೇರಿ ಬಂದರಿಗೆ ಹೋಗುತ್ತಿದ್ದ ಅದಿರು ಲಾರಿಗಳು ಅಂಕೋಲಾ–ಯಲ್ಲಾಪುರ ರಸ್ತೆಗೆ ಯಾವ ಗತಿ ತಂದವೆಂಬುದನ್ನು ಕಂಡವರು ಗಾಜಿನ ರಸ್ತೆಯ ಮಾತಾಡಲಾರರು. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಜರಿದು ಹೆದ್ದಾರಿಯೇ ಮುಚ್ಚಿಹೋದ ತಾಲೂಕು ನಮ್ಮದು. ಇಲ್ಲಿ ರಸ್ತೆಗೆ ಮೊದಲು ಬೇಕಾದದ್ದು ಗಟಾರ, ತಡೆಗೋಡೆ.

ಸಭೆಯಲ್ಲಿ ಯಾರೂ ಎತ್ತದ ಇನ್ನೊಂದು ಮಾತಿದೆ. ಅಂಗಳಕ್ಕೆಲ್ಲ ಫಲಕ ಹಾಸಿದರೆ ಚಾಲಿ ಅಡಿಕೆ ಒಣಗುವುದು ಎಲ್ಲಿ? ಅದರ ಮೇಲೇ ಹರಡಿದರೆ ಬಿಸಿಲು ಅಡಿಕೆಗೆ ಸಿಕ್ಕೀತು, ಫಲಕಕ್ಕೆ ಸಿಗದು.

ಗೋದಾಮಿನ ತಗಡಿನ ಮಾಡು ಮಾತ್ರ ನಿಜಕ್ಕೂ ಬರಿದೇ ಕಾಯುತ್ತಿದೆ. ಅಲ್ಲಿ ಹಾಕಿದರೆ ತೂಕದ ಯಂತ್ರ, ದೀಪ, ಪಂಪುಗಳ ಖರ್ಚು ತಗ್ಗೀತು. ತೋಟಕ್ಕೆ ನೀರು ಬೇಕಾಗುವುದೂ ಫೆಬ್ರವರಿಯಿಂದ ಮೇ ತನಕ, ಬಿಸಿಲು ಜೋರಾಗಿರುವಾಗಲೇ. ಒಂದು ಎಚ್ಚರಿಕೆ: ಆಷಾಢದ ಮೋಡದಲ್ಲಿ ಉತ್ಪಾದನೆ ಬಹಳ ಇಳಿಯುತ್ತದೆ. ಮರ ಬಿದ್ದು ಲೈನು ಹೋದಾಗ, ಬ್ಯಾಟರಿ ಇಲ್ಲದ ವ್ಯವಸ್ಥೆ ತಾನೂ ನಿಲ್ಲುತ್ತದೆ. ಮಾರುವವರು ಇದನ್ನು ಮೊದಲೇ ಹೇಳುವುದು ಕಡಿಮೆ.

ಅಂಗಳಕ್ಕೆ ಕಾಂಕ್ರೀಟು, ಮಾಡಿಗೆ ಫಲಕ ಎಂದು ಎರಡು ಬೇರೆ ದರಪಟ್ಟಿ ತರಿಸಲು ಮುಂದಿನ ಸಭೆಯಲ್ಲಿ ಅನುಮತಿ ಕೋರುವವನಿದ್ದೇನೆ. ಮಾಡಿನ ಪಕಾಸು ಆ ಭಾರ ತಡೆದೀತೇ ಎಂದು ಬಡಿಗರಿಂದ ಪರೀಕ್ಷಿಸಿಕೊಳ್ಳುವುದು ಅದಕ್ಕೂ ಮೊದಲಿನ ಕೆಲಸ.