ಜಪಾನಿನ ದಾರಿ, ನಮ್ಮ ಹೊಸ್ತಿಲು

ಕಳೆದ ನವರಾತ್ರಿಯ ಒಂದು ಸಂಜೆ ಸಂಘದ ಕಚೇರಿಯಲ್ಲಿ ಈ ತ್ರೈಮಾಸಿಕದ ಕರಡಚ್ಚು ತಿದ್ದುತ್ತ ಕುಳಿತಿದ್ದೆ. ಡೊಂಬಿವಲಿ ಪೂರ್ವದ ನಮ್ಮ ಹಳೆಯ ಸದಸ್ಯರೊಬ್ಬರು ಬಂದರು. ಕುಂದಾಪುರದ ಕಡೆಯಿಂದ ಹದಿನಾಲ್ಕರ ಹರೆಯದಲ್ಲಿ ಮುಂಬಯಿಗೆ ಬಂದು, ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿ ಶಾಲೆಯಲ್ಲಿ ಎಸ್.ಎಸ್.ಸಿ. ಮುಗಿಸಿ, ಈಗ ಅಂಬರನಾಥದ ಕಾರ್ಖಾನೆಯೊಂದರಲ್ಲಿ ಕ್ಯಾಂಟೀನು ನಡೆಸುತ್ತಿರುವವರು. "ಮಾಸ್ಟ್ರೇ, ಮಗಳಿಗೆ ಜಪಾನಿನಲ್ಲಿ ಸೀಟು ಆಯ್ತು. ಸೊಸೈಟಿ ಸಾಲಕ್ಕೆ ನಿಮ್ಮದೊಂದು ಜಾಮೀನು ಸಹಿ ಬೇಕಿತ್ತು" ಎಂದು ಫೈಲೊಂದನ್ನು ಮೇಜಿನ ಮೇಲಿಟ್ಟರು.

ಫೈಲನ್ನು ಬಿಚ್ಚಿ ಓದಿದೆ. ರೈಲು ನಿಲ್ದಾಣದ ಬಳಿಯ ಏಜೆನ್ಸಿಯೊಂದರ ಕಾಗದಗಳು. ಜಪಾನಿನ ಯಾವುದೋ ಊರಿನ ಭಾಷಾ ಶಾಲೆಯಲ್ಲಿ ಒಂದೂವರೆ ವರ್ಷದ ಪ್ರವೇಶ. ಒಟ್ಟು ವೆಚ್ಚ ಹತ್ತು ಲಕ್ಷ ರೂಪಾಯಿ. ಮೊದಲ ಕಂತು ಎರಡು ಲಕ್ಷ, ಅದು ಯಾವ ಕಾರಣಕ್ಕೂ ಮರಳದು. ಮೊದಲ ಪುಟದಲ್ಲಿ ದಪ್ಪಕ್ಷರಗಳಲ್ಲಿ ಅಚ್ಚಾಗಿದ್ದ 'ಸ್ಕಾಲರ್‌ಶಿಪ್' ಎಂಬ ಶಬ್ದವನ್ನು ಕೊನೆಯ ಪುಟದವರೆಗೆ ಹುಡುಕುತ್ತ ಹೋದರೆ, ಅದು ಆ ಶಾಲೆಯೇ ತನ್ನ ಶುಲ್ಕದಲ್ಲಿ ಕೊಡುವ ಅಲ್ಪ ರಿಯಾಯಿತಿಯೆಂದು ತಿಳಿಯಿತು. ಉಳಿದ ಹಣವನ್ನು ಹುಡುಗಿ ಅಲ್ಲಿ ದುಡಿದೇ ತೀರಿಸಬಹುದೆಂದು ಬಾಯಿಮಾತಿನ ಭರವಸೆ. ವಿದ್ಯಾರ್ಥಿಯಾಗಿ ಹೋದವರು ಅಲ್ಲಿ ಪಾಠದ ದಿನಗಳಲ್ಲಿ ವಾರಕ್ಕೆ 28 ಗಂಟೆಗಿಂತ ಹೆಚ್ಚು ದುಡಿಯುವಂತಿಲ್ಲ, ಅದಕ್ಕೂ ಪರವಾನಗಿ ಬೇಕು ಎಂಬ ಸಂಗತಿ ಆ ಕಾಗದಗಳಲ್ಲಿ ಎಲ್ಲಿಯೂ ಇರಲಿಲ್ಲ.

ನಾನು ಅಂದು ಸಹಿ ಹಾಕಲಿಲ್ಲ. ಒಂದು ವಾರದ ಅವಕಾಶ ಕೇಳಿದೆ. ಆದರೆ ನನ್ನ ಕೈ ತಡೆದದ್ದು ಏಜೆನ್ಸಿಯ ಮೇಲಿನ ಅನುಮಾನವೊಂದೇ ಅಲ್ಲ. ನಾಲ್ಕು ವರ್ಷಗಳ ಹಿಂದೆ, ಹನ್ನೆರಡನೆಯ ತರಗತಿಯ ಪ್ರತಿಭಾ ಪುರಸ್ಕಾರದ ದಿನ, ಇದೇ ಹುಡುಗಿ ನನ್ನ ಬಳಿ ಬಂದು, "ಸರ್, ಪುಣೆಯಲ್ಲಿ ಜಪಾನಿ ಭಾಷೆಯಲ್ಲೇ ಬಿ.ಎ. ಇದೆಯಂತೆ, ಹೋಗಲೇ?" ಎಂದು ಕೇಳಿದ್ದಳು. ನಾನು ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವನ ಠೀವಿಯಿಂದ, "ಮೊದಲು ಇಲ್ಲೇ ಬಿ.ಕಾಂ. ಮಾಡಿಕೋ ತಂಗಿ, ಭಾಷೆಯನ್ನು ಸಂಜೆಯ ಹೊತ್ತು ಹವ್ಯಾಸಕ್ಕೆ ಕಲಿತರಾಯಿತು" ಎಂದಿದ್ದೆ. ಅವಳು ಹಾಗೆಯೇ ಮಾಡಿದಳು. ಬಿ.ಕಾಂ. ಓದುತ್ತಲೇ, ಸಂಜೆಯ ಲೋಕಲಿನಲ್ಲಿ ನಿಂತು ದಾದರಿನವರೆಗೆ ಹೋಗಿ ಬಂದು, ಜಪಾನಿ ಭಾಷಾ ಪ್ರಾವೀಣ್ಯ ಪರೀಕ್ಷೆಯ ಐದು ಹಂತಗಳಲ್ಲಿ ಮೂರನೆಯದನ್ನು ದಾಟಿದಳು. ನನ್ನ ಸಲಹೆಯಿಂದ ಅವಳಿಗೆ ಏನು ತಪ್ಪಿಹೋಯಿತೆಂಬುದು ನನಗೆ ತಿಳಿದದ್ದು ಈ ನವರಾತ್ರಿಯ ವಾರದಲ್ಲಿ, ನಿಯಮಾವಳಿಗಳನ್ನು ಮೊದಲ ಬಾರಿಗೆ ಓದಿದಾಗ.

ಆ ನಿಯಮಗಳನ್ನು ಇಲ್ಲಿ ವಿಸ್ತಾರವಾಗಿ ಹೇಳುವುದು ನನ್ನ ಕರ್ತವ್ಯವೆಂದು ಭಾವಿಸುತ್ತೇನೆ. ಜಪಾನ್ ಸರ್ಕಾರ 1954ರಿಂದ ಹೊರದೇಶದ ವಿದ್ಯಾರ್ಥಿಗಳಿಗೆ ವೇತನ ನೀಡುತ್ತಿದೆ. ಹಳಬರು ಇದನ್ನು 'ಮೊಂಬುಶೋ' ಎನ್ನುತ್ತಿದ್ದರು. 2001ರಲ್ಲಿ ಅಲ್ಲಿನ ಶಿಕ್ಷಣ ಸಚಿವಾಲಯದ ಪುನಾರಚನೆಯಾದ ಮೇಲೆ 'ಮೆಕ್ಸ್ಟ್' ಎಂಬ ಹೆಸರು ಬಳಕೆಗೆ ಬಂತು. ಇದನ್ನು ಪಡೆದವರಿಗೆ ಬೋಧನಾ ಶುಲ್ಕವಿಲ್ಲ, ಹೋಗಿಬರುವ ವಿಮಾನದ ಖರ್ಚು ಸರ್ಕಾರದ್ದು, ತಿಂಗಳ ಖರ್ಚಿಗೂ ಹಣ ಉಂಟು. ಪದವಿ ವಿದ್ಯಾರ್ಥಿಗಳಿಗೆ ಇತ್ತೀಚಿನ ವರ್ಷಗಳಲ್ಲಿ ತಿಂಗಳಿಗೆ 1,17,000 ಯೆನ್ ದೊರೆಯುತ್ತಿದೆ. ಒಂದು ಯೆನ್ನಿನ ಬೆಲೆ ನಮ್ಮ ಅರ್ಧ ರೂಪಾಯಿಗಿಂತ ತುಸು ಹೆಚ್ಚು. ದೆಹಲಿಯ ಜಪಾನ್ ರಾಯಭಾರ ಕಚೇರಿಯ ಮೂಲಕ ಸಲ್ಲಿಸುವ ಅರ್ಜಿಗೆ ಶುಲ್ಕವಿಲ್ಲ. ನಡುವೆ ಯಾವ ಏಜೆಂಟನ ಅಗತ್ಯವೂ ಇಲ್ಲ.

ಈ ವೇತನದಲ್ಲಿ ಹಲವು ವಿಧಗಳಿವೆ. ಹನ್ನೆರಡನೆಯ ತರಗತಿ ಮುಗಿಸಿದವರು ಪದವಿ ವ್ಯಾಸಂಗಕ್ಕೆ ಅರ್ಜಿ ಹಾಕಬಹುದು. ಅವರ ಐದು ವರ್ಷಗಳಲ್ಲಿ ಮೊದಲ ವರ್ಷ ಪೂರ್ತಿ ಭಾಷಾ ಕಲಿಕೆಗೇ ಮೀಸಲು. ತಾಂತ್ರಿಕ ಕಾಲೇಜಿಗೂ ವೃತ್ತಿಶಿಕ್ಷಣಕ್ಕೂ ಪ್ರತ್ಯೇಕ ವೇತನಗಳಿವೆ. ಪದವಿ ಮುಗಿಸಿದ, ಮೂವತ್ತೈದರ ಒಳಗಿನವರಿಗೆ ಸಂಶೋಧನಾ ವೇತನವಿದೆ. ಅದಕ್ಕೆ ತಾವು ಓದಿದ ವಿಷಯಕ್ಕೆ ಸಂಬಂಧಪಟ್ಟ ಅಧ್ಯಯನದ ಯೋಜನೆಯೊಂದನ್ನು ಬರೆದು ಕೊಡಬೇಕು. ಇವಲ್ಲದೆ ಜಪಾನಿ ಭಾಷೆ, ಸಂಸ್ಕೃತಿಗಳ ಅಧ್ಯಯನಕ್ಕಾಗಿಯೇ ಒಂದು ವರ್ಷದ ವೇತನವೂ ಇದೆ. ಇದರ ಷರತ್ತನ್ನು ಗಮನಿಸಬೇಕು: ಅರ್ಜಿದಾರರು ತಮ್ಮ ದೇಶದ ವಿಶ್ವವಿದ್ಯಾಲಯದಲ್ಲಿ ಜಪಾನಿ ಭಾಷೆ ಅಥವಾ ಸಂಸ್ಕೃತಿಯನ್ನೇ ಮುಖ್ಯ ವಿಷಯವಾಗಿ ಓದುತ್ತಿರುವ ಪದವಿ ವಿದ್ಯಾರ್ಥಿಗಳಾಗಿರಬೇಕು. ಸಂಜೆಯ ತರಗತಿಯಲ್ಲಿ ಎಷ್ಟೇ ಚೆನ್ನಾಗಿ ಕಲಿತರೂ ಬಿ.ಕಾಂ. ವಿದ್ಯಾರ್ಥಿಗೆ ಈ ಬಾಗಿಲು ತೆರೆಯದು. ಪುಣೆಯ ತಿಲಕ್ ಮಹಾರಾಷ್ಟ್ರ ವಿದ್ಯಾಪೀಠ, ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯ, ಶಾಂತಿನಿಕೇತನದ ವಿಶ್ವಭಾರತಿ ಮುಂತಾದೆಡೆ ಜಪಾನಿಯಲ್ಲಿ ಪದವಿ ಓದುವವರಿಗೆ ಮಾತ್ರ ಅದು ತೆರೆದಿದೆ. ಕಲ್ಯಾಣದಿಂದ ಪುಣೆ ರೈಲಿನಲ್ಲಿ ಎರಡೂವರೆ ಗಂಟೆಯ ದಾರಿ. ಆ ದಾರಿಗೆ ಅಡ್ಡ ನಿಂತವನು ನಾನು.

ಇದು ಒಂದು ಮನೆಯ ಕಥೆಯಾಗಿದ್ದರೆ ಸಂಪಾದಕೀಯದ ಪುಟವನ್ನು ಇದಕ್ಕೆ ಬಳಸುತ್ತಿರಲಿಲ್ಲ. ಜಪಾನ್ ಇಂದು ನಮ್ಮ ಹೊಸ್ತಿಲಿಗೇ ಬಂದು ನಿಂತಿದೆ. 2017ರ ಸೆಪ್ಟೆಂಬರ್ 14ರಂದು ಶಿಲಾನ್ಯಾಸಗೊಂಡ 508 ಕಿಲೋಮೀಟರ್ ಉದ್ದದ ಮುಂಬಯಿ–ಅಹಮದಾಬಾದ್ ಬುಲೆಟ್ ರೈಲು ಮಾರ್ಗಕ್ಕೆ ಸಾಲವೂ ತಂತ್ರಜ್ಞಾನವೂ ಅಲ್ಲಿಂದಲೇ ಬಂದಿವೆ. ಅದರ ಸುರಂಗ ಥಾಣೆ ಖಾರಿಯ ಅಡಿಯಲ್ಲಿ ಏಳು ಕಿಲೋಮೀಟರ್ ಸಾಗಿ ಶಿಳಫಾಟಾದ ಬಳಿ ಮೇಲೇಳುತ್ತದೆ. ಥಾಣೆಯ ನಿಲ್ದಾಣಕ್ಕೆ ಗೊತ್ತಾದ ಜಾಗ ದಿವಾ ಸಮೀಪದ ಮ್ಹಾತರ್ಡಿ. 2024ರ ಜನವರಿ 12ರಂದು ತೆರೆದ, ಶಿವಡಿಯಿಂದ ನವಿಮುಂಬಯಿಗೆ ಸಾಗುವ ಅಟಲ್ ಸೇತುವಿನ ಹಿಂದೆಯೂ ಜಪಾನಿನ ಸಾಲವಿದೆ. 2025ರ ಆಗಸ್ಟ್‌ನಲ್ಲಿ ಉಭಯ ಸರ್ಕಾರಗಳು ಐದು ವರ್ಷಗಳಲ್ಲಿ ಐದು ಲಕ್ಷಕ್ಕೂ ಮಿಕ್ಕಿದ ಜನರ ವಿನಿಮಯದ ಗುರಿಯನ್ನು ಇಟ್ಟುಕೊಂಡವು. ಅವರಲ್ಲಿ 50 ಸಾವಿರ ಕುಶಲರೂ ಪ್ರತಿಭಾವಂತರೂ ಭಾರತದಿಂದ ಅಲ್ಲಿಗೆ ಹೋಗುವವರು. ಇಂಥ ಘೋಷಣೆ ಪತ್ರಿಕೆಯಲ್ಲಿ ಬಂದ ಮರುದಿನವೇ ನಮ್ಮ ನಿಲ್ದಾಣಗಳ ಬಳಿ ಹೊಸ ಬೋರ್ಡುಗಳು ಏಳುತ್ತವೆ. ಸಂಘದ ಫಲಕದಲ್ಲಿ ಮಾತ್ರ ಕಳೆದ ವರ್ಷದ ವನಭೋಜನದ ಪ್ರಕಟಣೆ ಇನ್ನೂ ನೇತಾಡುತ್ತಿರುತ್ತದೆ.

ದುಡಿಯಲು ಹೋಗುವುದನ್ನು ನಾನು ಹಗುರವಾಗಿ ಕಾಣುತ್ತಿಲ್ಲ. ದುಡಿಯಲೆಂದೇ ಊರು ಬಿಟ್ಟು ಬಂದವರ ಸಂತಾನ ನಾವು. ಕೆಲಸಕ್ಕೆ ಹೋಗುವವರಿಗೆ 2019ರಲ್ಲಿ ಜಪಾನ್ ಆರಂಭಿಸಿದ ವಿಶೇಷ ಕುಶಲ ಕಾರ್ಮಿಕರ ವೀಸಾ ಇದೆ. ಆ ಕುರಿತು 2021ರಲ್ಲಿ ಭಾರತದೊಂದಿಗೆ ಒಡಂಬಡಿಕೆಯೂ ಆಗಿದೆ. ಕೆಲಸಕ್ಕೆ ಹೋಗುವವರು ಕೆಲಸದ ವೀಸಾದಲ್ಲಿ ಹೋಗಲಿ, ಓದಲು ಹೋಗುವವರು ಓದಲು ಹೋಗಲಿ. ಓದಿನ ಹೆಸರಿನಲ್ಲಿ ಸಾಲ ಮಾಡಿಸಿ, ಅದನ್ನು ತೀರಿಸಲು ರಾತ್ರಿಯ ಪಾಳಿಗೆ ತಳ್ಳಿ, ಕಡೆಗೆ ಎರಡೂ ಕೈಗೂಡದಂತೆ ಮಾಡುವ ನಡುದಾರಿಯನ್ನು ನಮ್ಮ ಮಕ್ಕಳಿಗೆ ತೋರಿಸಬಾರದು. ಅದನ್ನು ತೋರಿಸುವವರು ಧಾರಾಳವಾಗಿದ್ದಾರೆ. ಬೇರೆ ದಾರಿಯನ್ನು ತೋರಿಸಬೇಕಾದ ನಾವು ಮೌನವಾಗಿದ್ದೇವೆ.

ಮುಂಬಯಿಯ ಕನ್ನಡಿಗನಿಗೆ ಜಪಾನಿನ ದಾರಿ ಹೊಸತೇನೂ ಅಲ್ಲ. 1893ರಲ್ಲಿ ಜಪಾನಿನ ನಿಪ್ಪಾನ್ ಯೂಸೆನ್ ಕಂಪನಿ ಕೋಬೆಯಿಂದ ಮುಂಬಯಿಗೆ ಹಡಗು ಓಡಿಸತೊಡಗಿತು. ಇಲ್ಲಿಂದ ಅರಳೆ ಅಲ್ಲಿನ ಗಿರಣಿಗಳಿಗೆ ಹೋಗುತ್ತಿತ್ತು. ಐದು ವರ್ಷಗಳ ತರುವಾಯ, 1898ರಲ್ಲಿ, ಮುಂಬಯಿ ಪ್ರಾಂತದ ಲೋಕೋಪಯೋಗಿ ಇಲಾಖೆಯ ಇಂಜಿನಿಯರೊಬ್ಬರು ರಜೆ ಪಡೆದು ಜಪಾನನ್ನು ನೋಡಿಬಂದರು. ಅವರು ಪುಣೆಯಲ್ಲಿ ಇಂಜಿನಿಯರಿಂಗ್ ಓದಿ 1884ರಲ್ಲಿ ಇಲ್ಲಿನ ಸೇವೆಗೆ ಸೇರಿದ್ದ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು. ಒಂದು ಏಷ್ಯಾದ ದೇಶ ಶಿಕ್ಷಣ ಮತ್ತು ಕೈಗಾರಿಕೆಗಳಿಂದ ಹೇಗೆ ಎದ್ದು ನಿಲ್ಲಬಲ್ಲದೆಂಬುದನ್ನು ಅವರು ಅಲ್ಲಿ ಕಣ್ಣಾರೆ ಕಂಡರು. ಮುಂದೆ ಮೈಸೂರಿನ ದಿವಾನರಾದಾಗ ಅವರ ಚಿಂತನೆಗೆ ಒದಗಿದ ಅನುಭವಗಳಲ್ಲಿ ಅದೂ ಒಂದು. ವಿಶ್ವೇಶ್ವರಯ್ಯನವರ ಜಯಂತಿಗೆ ಪ್ರತಿ ಸೆಪ್ಟೆಂಬರಿನಲ್ಲಿ ಹಾರ ಹಾಕುವ ನಾವು ಅವರ ಈ ಪ್ರವಾಸವನ್ನು ನೆನೆಯುವುದು ಕಡಿಮೆ.

ಅತ್ತಣಿಂದ ಇತ್ತ ಬಂದ ವಿದ್ವತ್ತನ್ನೂ ನೆನೆಯಬೇಕು. ನೊರಿಹಿಕೊ ಉಚಿದ ಅವರು ನಮ್ಮ ಬಿ. ಬಿ. ರಾಜಪುರೋಹಿತರೊಡನೆ ಸಿದ್ಧಪಡಿಸಿದ ಕನ್ನಡ–ಇಂಗ್ಲಿಷ್ ವ್ಯುತ್ಪತ್ತಿ ನಿಘಂಟು 2013ರಲ್ಲಿ ಪ್ರಕಟವಾದದ್ದು ಬೆಂಗಳೂರಿನಲ್ಲಲ್ಲ, ಟೋಕಿಯೋ ವಿದೇಶೀ ಭಾಷಾ ವಿಶ್ವವಿದ್ಯಾಲಯದಿಂದ. ಕನ್ನಡದ ಶಬ್ದಗಳ ಬೇರನ್ನು ಹುಡುಕಲು ಅಲ್ಲಿನವರೊಬ್ಬರು ಇಷ್ಟು ಶ್ರಮಿಸಿದರು. ಅವರ ಸಾಹಿತ್ಯವನ್ನು ನಾವು ಬಹುಮಟ್ಟಿಗೆ ಇಂಗ್ಲಿಷಿನ ಕಿಟಕಿಯಿಂದಲೇ ನೋಡುತ್ತಿದ್ದೇವೆ. ಜಪಾನಿಯಿಂದ ಕನ್ನಡಕ್ಕೆ ನೇರವಾಗಿ ತರಬಲ್ಲ ಹತ್ತು ಮಂದಿ ಸಿದ್ಧರಾದರೆ ಅದು ನೌಕರಿಗಿಂತ ದೊಡ್ಡ ಲಾಭ.

ಆ ಭಾಷೆ ನಮ್ಮ ಮಕ್ಕಳಿಗೆ ಕಬ್ಬಿಣದ ಕಡಲೆಯೆಂಬ ಅಂಜಿಕೆಯೂ ಪೂರ್ತಿ ನಿಜವಲ್ಲ. ಲಿಪಿ ಕಷ್ಟವೇ ಸರಿ. ನಿತ್ಯ ಬಳಕೆಗೆಂದು ಅಲ್ಲಿನ ಸರ್ಕಾರ ಗೊತ್ತುಮಾಡಿದ ಚಿತ್ರಾಕ್ಷರಗಳೇ 2,136. ಆದರೆ ವಾಕ್ಯದ ಜಾಯಮಾನ ನಮ್ಮದನ್ನೇ ಹೋಲುತ್ತದೆ. 'ನಾನು ಓದಿದ ಪುಸ್ತಕ' ಎಂಬುದಕ್ಕೆ ಅವರು 'ವತಾಶಿ ಗ ಯೊಂದ ಹೊನ್' ಎನ್ನುತ್ತಾರೆ. ಪದಗಳ ಸರದಿ ನಮ್ಮದೇ. 'ತಿಂದು ನೋಡು' ಎಂಬಲ್ಲಿ ನಾವು 'ನೋಡು' ಸೇರಿಸಿದಂತೆ ಅವರು 'ತಬೆತೆ' ಎಂಬುದಕ್ಕೆ ನೋಡುವುದೆಂಬ ಅರ್ಥದ 'ಮಿರು' ಸೇರಿಸುತ್ತಾರೆ. ವಿಭಕ್ತಿಯ ಪ್ರತ್ಯಯ ನಾಮಪದದ ಹಿಂದೆ ಬರುತ್ತದೆ, ಕ್ರಿಯಾಪದ ಕೊನೆಗೆ. ಅವರ ಅಕ್ಷರಮಾಲೆಯ ಕ್ರಮದಲ್ಲಿಯೂ ಬೌದ್ಧ ಭಿಕ್ಷುಗಳು ಕೊಂಡೊಯ್ದ ಸಂಸ್ಕೃತ ವರ್ಣಮಾಲೆಯ ಪ್ರಭಾವವಿದೆ. ತಮಿಳಿಗೂ ಜಪಾನಿಗೂ ಮೂಲಸಂಬಂಧವಿದೆಯೆಂದು ಸುಸುಮು ಓನೊ ವಾದಿಸಿದ್ದನ್ನು ಭಾಷಾವಿಜ್ಞಾನಿಗಳಲ್ಲಿ ಹೆಚ್ಚಿನವರು ಒಪ್ಪಿಲ್ಲ. ನಂಟು ಇರಲಿ ಬಿಡಲಿ, ರಚನೆಯ ಈ ಹೋಲಿಕೆ ಕಲಿಯುವವರಿಗೆ ಕೈಮರ. ಇಂಗ್ಲಿಷಿನ ಮೂಲಕ ಸುತ್ತಿ ಬಳಸಿ ಹೋಗುವ ಬದಲು ಕನ್ನಡ, ಮರಾಠಿಗಳ ಮೂಲಕವೇ ಕಲಿಸಿದರೆ ಅರ್ಧ ಹಾದಿ ಸವೆದಂತೆ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ ಆಡುವ ನಮ್ಮ ಮಕ್ಕಳಿಗೆ ಈ ಅನುಕೂಲ ಹುಟ್ಟಿನಿಂದಲೇ ಬಂದಿದೆ.

ಆದುದರಿಂದ ಥಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿಗಳ ಕನ್ನಡ ಸಂಘಗಳ ಮುಂದೆ ನಾಲ್ಕು ಬಿನ್ನಹಗಳನ್ನು ಇಡುತ್ತೇನೆ. ಮೊದಲನೆಯದು, ಪ್ರತಿಯೊಂದು ಸಂಘದ ಫಲಕದಲ್ಲೂ ಕನ್ನಡದಲ್ಲಿ ಒಂದು ಪಂಚಾಂಗ ಇರಲಿ: ಭಾಷೆ, ಸಂಸ್ಕೃತಿಗಳ ಒಂದು ವರ್ಷದ ವೇತನದ ಪ್ರಕಟಣೆ ಸಾಮಾನ್ಯವಾಗಿ ವರ್ಷದ ಆರಂಭದಲ್ಲಿ, ಪದವಿ ಹಾಗೂ ಸಂಶೋಧನಾ ವೇತನಗಳದು ಏಪ್ರಿಲ್–ಮೇ ಸುಮಾರಿಗೆ, ಪ್ರಾವೀಣ್ಯ ಪರೀಕ್ಷೆ ಜುಲೈ ಮತ್ತು ಡಿಸೆಂಬರಿನಲ್ಲಿ, ಮುಂಬಯಿಯಲ್ಲೇ. ಎರಡನೆಯದು, ಪ್ರತಿಭಾ ಪುರಸ್ಕಾರದ ದಿನ ಶಾಲು, ಫಲಕಗಳ ಜೊತೆಗೆ ಒಂದು ಗಂಟೆಯ ಮಾರ್ಗದರ್ಶನವೂ ನಡೆಯಲಿ, ಅದೂ ಹತ್ತನೆಯ ತರಗತಿಯ ಮಕ್ಕಳಿಂದಲೇ. ಹನ್ನೆರಡು ಮುಗಿಸಿ ಕಾಲೇಜು ಸೇರಿದ ಮೇಲೆ ಹೇಳಿದ ಬುದ್ಧಿ ಹೊತ್ತು ಮೀರಿದ್ದು. ಮೂರನೆಯದು, ನಮ್ಮ ವಿದ್ಯಾರ್ಥಿನಿಧಿಯನ್ನು ನೂರು ಜನಕ್ಕೆ ನೋಟುಪುಸ್ತಕವಾಗಿ ಹಂಚುವುದರ ಜೊತೆಗೆ, ನಾಲ್ವರ ಪರೀಕ್ಷಾ ಶುಲ್ಕಕ್ಕೂ ಪುಣೆಯ ವಸತಿಗೂ ಒದಗಿಸೋಣ. ನಾಲ್ಕನೆಯದು, ಯಾವ ದೇಶಕ್ಕಾದರೂ ಓದಲು ಹೋಗುವ ಮುನ್ನ ಮನೆಯವರು ಕಾಗದಗಳನ್ನು ಸಂಘಕ್ಕೆ ತಂದು ತೋರಿಸಲಿ; ಅವನ್ನು ಓದಿ ಹೇಳಬಲ್ಲ ನಿವೃತ್ತ ಬ್ಯಾಂಕ್ ಅಧಿಕಾರಿಗಳೂ ವಕೀಲರೂ ನಮ್ಮಲ್ಲಿ ಬೇಕಾದಷ್ಟು ಮಂದಿ ಇದ್ದಾರೆ.

ಇದೇನೂ ನಮಗೆ ಅಪರಿಚಿತ ಕೆಲಸವಲ್ಲ. ಕೋಟೆಯ ಹೋಟೆಲುಗಳಲ್ಲಿ ತಟ್ಟೆ ತೊಳೆಯುತ್ತಿದ್ದ ಹುಡುಗರನ್ನು ಕೈಹಿಡಿದು ರಾತ್ರಿ ಶಾಲೆಗೆ ಕರೆದೊಯ್ದದ್ದು ಈ ಮಹಾನಗರದ ಕನ್ನಡ ಸಂಘ ಸಂಸ್ಥೆಗಳೇ. ಆ ಹುಡುಗರಲ್ಲಿ ನನ್ನ ಮುಂದೆ ಫೈಲು ಹಿಡಿದು ನಿಂತ ಆ ತಂದೆಯೂ ಒಬ್ಬರು. ಅವರಿಗೆ ದಾರಿ ತೋರಿಸಿದ ಸಂಘಟನೆ ಅವರ ಮಗಳಿಗೆ ದಾರಿ ತೋರಿಸಲು ತಪ್ಪಿತು.

ಒಂದು ವಾರದ ಬಳಿಕ ತಂದೆ, ಮಗಳು ಇಬ್ಬರೂ ಬಂದರು. ನೋಂದಣಿಗೆಂದು ಕೊಟ್ಟ ಹತ್ತು ಸಾವಿರ ಹೋದಂತೆಯೇ. ಎರಡು ಲಕ್ಷದ ಕಂತು ಕಟ್ಟುವುದನ್ನು ನಿಲ್ಲಿಸಿದರು. ಒಂದು ವರ್ಷದ ವೇತನ ಅವಳಿಗೆ ಇನ್ನು ಸಿಗದು, ಆದರೆ ಬಿ.ಕಾಂ. ಮುಗಿಸಿದವಳಿಗೆ ಸಂಶೋಧನೆಯ ಬಾಗಿಲು ತೆರೆದೇ ಇದೆ. ಮುಂಬಯಿ–ಕೋಬೆ ಅರಳೆ ವ್ಯಾಪಾರದ ಚರಿತ್ರೆಯನ್ನು ವಿಷಯವಾಗಿಟ್ಟುಕೊಂಡು ಯೋಜನೆಯ ಕರಡು ಬರೆಯುತ್ತಿದ್ದಾಳೆ. ಸ್ಪರ್ಧೆ ದೇಶವ್ಯಾಪಿ, ಆಯ್ಕೆಯಾಗುವವರು ಕೆಲವರೇ. ಫಲ ಏನಾಗುವುದೋ ಹೇಳಲಾರೆ. ಹೊರಡುವಾಗ ಆ ತಂದೆ, "ಮಾಸ್ಟ್ರೇ, ಇದನ್ನೆಲ್ಲ ಆಗಲೇ ಹೇಳಿದ್ದರೆ?" ಎಂದರು. ದೂರುವ ದನಿಯಲ್ಲ, ಸುಮ್ಮನೆ ಕೇಳಿದ್ದು. ನನ್ನಲ್ಲಿ ಉತ್ತರವಿರಲಿಲ್ಲ.

ಇನ್ನೊಬ್ಬ ತಂದೆ ಈ ಪ್ರಶ್ನೆಯನ್ನು ಕೇಳುವಂತಾಗದಿರಲಿ. ಮೇಲೆ ಹೇಳಿದ ಪಂಚಾಂಗವನ್ನು ಮುಂದಿನ ಸಂಚಿಕೆಯ ಹಿಂಬದಿಯ ರಕ್ಷಾಪುಟದಲ್ಲಿ ಅಚ್ಚುಹಾಕಿಸುತ್ತೇವೆ. ಅದನ್ನು ಕತ್ತರಿಸಿ ತಮ್ಮ ಸೊಸೈಟಿಯ ಫಲಕಕ್ಕೆ ಅಂಟಿಸಬೇಕೆಂದು ಓದುಗ ಬಾಂಧವರಲ್ಲಿ ವಿನಂತಿ. ಜಪಾನಿನಲ್ಲಿ ಓದಿ ಬಂದ ಕನ್ನಡಿಗರು ಈ ಪರಿಸರದಲ್ಲಿದ್ದರೆ, ದಯವಿಟ್ಟು ಒಂದು ಭಾನುವಾರ ಸಂಘಕ್ಕೆ ಬನ್ನಿ. ಮಕ್ಕಳು ಕಾಯುತ್ತಿದ್ದಾರೆ.